ಸೋಲಿನಿಂದ ಆರಂಭಿಸುವ ತಂಡಗಳು

ಬ್ಯಾಸ್ಕೆಟ್‌ಬಾಲ್ ನಮ್ಮ ಶಾಲಾ ಅಂಗಳಗಳಿಗೆ ಹೊಸ ಆಟವೇನಲ್ಲ. ಕಾನ್ವೆಂಟ್ ಶಾಲೆಯೊಂದು ನೆಲೆಯೂರಿದ ಕಡೆ ಸಾಮಾನ್ಯವಾಗಿ ಒಂದು ಗಂಟೆ, ಒಂದು ಹೂದೋಟ, ಅದರಾಚೆಗೆ ಎದುರುಬದುರಾಗಿ ನಿಂತ ಎರಡು ಕಬ್ಬಿಣದ ಕಂಬಗಳು ಕಣ್ಣಿಗೆ ಬೀಳುತ್ತವೆ. ಈ ಆಟವನ್ನು ಕಟ್ಟಿದ ಜೇಮ್ಸ್ ನೈಸ್ಮಿತ್ ದೇವಶಾಸ್ತ್ರದ ವಿದ್ಯಾರ್ಥಿಯಾಗಿದ್ದವರು. ಮಾಂಟ್ರಿಯಲ್‌ನಲ್ಲಿ ಆ ವ್ಯಾಸಂಗವನ್ನು ಮುಗಿಸಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಶಿಕ್ಷಕರಾಗಿ ಸೇರಿದರು. ಚಳಿಗಾಲದಲ್ಲಿ ಹೊರಗೆ ಹೋಗಲಾಗದೆ ಚಡಪಡಿಸುತ್ತಿದ್ದ ಯುವಕರಿಗಾಗಿ 1891ರ ಡಿಸೆಂಬರ್‌ನಲ್ಲಿ 13 ನಿಯಮಗಳನ್ನು ಬರೆದರು. ಹತ್ತಡಿ ಎತ್ತರದಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿದರು. ಬುಟ್ಟಿಗೆ ತಳವಿತ್ತು. ಚೆಂಡು ಒಳಗೆ ಬಿದ್ದಾಗಲೆಲ್ಲ ಯಾರಾದರೂ ಮೇಲೇರಿ ಅದನ್ನು ತೆಗೆದುಕೊಡಬೇಕಾಗಿತ್ತು. ಮೊದಲ ಪಂದ್ಯದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಒಂದು ಚೆಂಡು ಎಂದು ಹೇಳುತ್ತಾರೆ. ಇಂದು 24 ಸೆಕೆಂಡುಗಳೊಳಗೆ ಚೆಂಡನ್ನು ಎಸೆಯಲೇಬೇಕೆಂದು ಅವಸರಪಡಿಸುವ ಈ ಆಟವೇ ಅಷ್ಟು ನಿಧಾನವಾಗಿ ಕಣ್ತೆರೆಯಿತು.

ಆಟದ ಮಾತು ಅತ್ತ ಇರಲಿ. ತಂಡಗಳ ಮಾತಿಗೆ ಬರೋಣ. ಪ್ರತಿವರ್ಷವೂ ಋತುವಿನ ಆರಂಭದಲ್ಲಿ ಸಾಲಾಗಿ ಸೋತು, ಅರ್ಧ ದಾರಿ ಸವೆದ ಮೇಲೆ ಎಚ್ಚೆತ್ತು ಓಡತೊಡಗುವ ತಂಡಗಳಿವೆ. ಅವುಗಳನ್ನು ನೋಡುವವರಿಗೆ ಎರಡೇ ವಿವರಣೆಗಳು ಸಿದ್ಧವಾಗಿರುತ್ತವೆ. ಸೋಲುತ್ತಿರುವಾಗ ಸೋಮಾರಿಗಳು, ಗೆಲ್ಲತೊಡಗಿದಾಗ ಪವಾಡ. ನಾನು ಎರಡನ್ನೂ ಒಪ್ಪುವುದಿಲ್ಲ. ಪವಾಡವೆಂಬ ಶಬ್ದವನ್ನು ನಮ್ಮಂಥವರು ತುಸು ಜಿಪುಣತನದಿಂದಲೇ ಬಳಸಬೇಕು. ಸೋಮಾರಿತನವೆಂಬ ಶಬ್ದವನ್ನಂತೂ ಇನ್ನಷ್ಟು ಜಿಪುಣತನದಿಂದ ಬಳಸಬೇಕು, ಏಕೆಂದರೆ ಅದನ್ನು ನಾವು ಹೆಚ್ಚಾಗಿ ಎಸೆಯುವುದು ಮಕ್ಕಳ ಮೇಲೆ.

ಇದಕ್ಕೆ ಇತ್ತೀಚಿನ ವರ್ಷಗಳ ಒಂದು ಸ್ಪಷ್ಟ ನಿದರ್ಶನವು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್.ಬಿ.ಎ.ಯಲ್ಲಿ ದೊರೆಯುತ್ತದೆ. ಬಾಸ್ಟನ್ ಸೆಲ್ಟಿಕ್ಸ್ ಆ ಲೀಗಿನ ಅತ್ಯಂತ ಹಳೆಯ, ಅತ್ಯಂತ ಕೀರ್ತಿವಂತ ತಂಡಗಳಲ್ಲಿ ಒಂದು. 2021ರ ಶರತ್ಕಾಲದಲ್ಲಿ ಹೊಸ ತರಬೇತುದಾರ ಇಮೆ ಉಡೋಕಾ ಅವರ ಕೈಕೆಳಗೆ ಅದು ಋತುವನ್ನು ಆರಂಭಿಸಿತು. ಜೇಸನ್ ಟೇಟಮ್, ಜೇಲನ್ ಬ್ರೌನ್ ಎಂಬ ಇಬ್ಬರು ಅಸಾಧಾರಣ ಯುವ ಆಟಗಾರರು ತಂಡದಲ್ಲಿದ್ದರು. ಆದರೂ ತಂಡ ಎಡವುತ್ತಲೇ ಹೋಯಿತು. ನವೆಂಬರ್ 1ರಂದು ಶಿಕಾಗೋ ತಂಡದ ಎದುರು 19 ಅಂಕಗಳ ಮುನ್ನಡೆಯನ್ನು ಕೈಚೆಲ್ಲಿ ಸೋತ ರಾತ್ರಿ, ತಂಡದ ಹಿರಿಯ ಆಟಗಾರ ಮಾರ್ಕಸ್ ಸ್ಮಾರ್ಟ್ ಪತ್ರಕರ್ತರ ಮುಂದೆಯೇ ಮನಸ್ಸು ಬಿಚ್ಚಿದರು. ಈ ಇಬ್ಬರೂ ಚೆಂಡನ್ನು ಸಂಗಡಿಗರಿಗೆ ದಾಟಿಸುವುದನ್ನು ಇನ್ನೂ ಕಲಿಯಬೇಕಾಗಿದೆ ಎಂಬುದು ಅವರ ಮಾತಿನ ಸಾರ. ಮನೆಯ ಜಗಳ ಬೀದಿಗೆ ಬಂದಂತಾಯಿತು.

2022ರ ಜನವರಿ 6ರಂದು ನ್ಯೂಯಾರ್ಕಿನಲ್ಲಿ ಅವಮಾನ ಪೂರ್ಣಗೊಂಡಿತು. 25 ಅಂಕಗಳಷ್ಟು ಮುಂದಿದ್ದ ಸೆಲ್ಟಿಕ್ಸ್, ಕೊನೆಯ ಗಳಿಗೆಯಲ್ಲಿ ನಿಕ್ಸ್ ತಂಡದ ಆರ್.ಜೆ. ಬ್ಯಾರೆಟ್ ದೂರದಿಂದ ಎಸೆದ ಚೆಂಡು ಹಲಗೆಗೆ ತಾಗಿ ಬುಟ್ಟಿಗೆ ಇಳಿದಾಗ, 108-105ರಿಂದ ಸೋತಿತು. ಆ ರಾತ್ರಿಯ ಲೆಕ್ಕ 18 ಗೆಲುವು, 21 ಸೋಲು. ಇಬ್ಬರಲ್ಲಿ ಒಬ್ಬರನ್ನು ಮಾರಿಬಿಡಬೇಕು, ಇವರಿಬ್ಬರೂ ಒಟ್ಟಿಗೆ ಆಡಲಾರರು ಎಂಬ ಕೂಗು ಬಲವಾಯಿತು.

ಯಾರನ್ನೂ ಮಾರಲಿಲ್ಲ. ಉಳಿದ 43 ಪಂದ್ಯಗಳಲ್ಲಿ ಅದೇ ತಂಡ 33ನ್ನು ಗೆದ್ದು, 51-31ರ ದಾಖಲೆಯೊಡನೆ ಪೂರ್ವ ವಿಭಾಗದಲ್ಲಿ ಎರಡನೆಯ ಸ್ಥಾನಕ್ಕೇರಿತು. ಅನಂತರ ಬ್ರೂಕ್ಲಿನ್, ಮಿಲ್ವಾಕಿ, ಮಯಾಮಿ ತಂಡಗಳನ್ನು ದಾಟಿ ಅಂತಿಮ ಸರಣಿಗೆ ಬಂದು, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು 4-2ರಿಂದ ಸೋತಿತು. ಅದೇ ಟೇಟಮ್, ಅದೇ ಬ್ರೌನ್ 2024ರ ಜೂನ್ 17ರಂದು ಡಲ್ಲಾಸ್ ತಂಡವನ್ನು ಮಣಿಸಿ ಸೆಲ್ಟಿಕ್ಸ್‌ಗೆ 18ನೆಯ ಪ್ರಶಸ್ತಿಯನ್ನು ತಂದುಕೊಟ್ಟರು. ಆಗ ತರಬೇತುದಾರರಾಗಿದ್ದವರು ಜೋ ಮಜುಲಾ. ನಮ್ಮ ಓದುಗರಿಗೆ ಈ ಹೆಸರು ಇನ್ನೊಂದು ಕಾರಣಕ್ಕೆ ಪ್ರಿಯವಾದೀತು. 2022ರ ಕೊನೆಯಲ್ಲಿ ಇಂಗ್ಲೆಂಡಿನ ರಾಜಕುಮಾರ ದಂಪತಿಗಳು ಪಂದ್ಯ ನೋಡಲು ಬಂದಿದ್ದಾಗ, ರಾಜಕುಟುಂಬವನ್ನು ಕಂಡಿರಾ ಎಂದು ಪತ್ರಕರ್ತರೊಬ್ಬರು ಇವರನ್ನು ಕೇಳಿದರು. ಯೇಸು, ಮರಿಯ, ಜೋಸೆಫರನ್ನು ಕುರಿತು ಕೇಳುತ್ತಿದ್ದೀರಾ ಎಂದು ಮಜುಲಾ ಮರುಪ್ರಶ್ನಿಸಿದರಂತೆ. ತಾನು ಬಲ್ಲ ರಾಜಕುಟುಂಬ ಅದೊಂದೇ ಎಂದರಂತೆ.

ಹಾಗಾದರೆ ಜನವರಿಗೆ ಮೊದಲು ಇಲ್ಲದಿದ್ದದ್ದು ಜನವರಿಯ ಅನಂತರ ಎಲ್ಲಿಂದ ಬಂತು? ಫೆಬ್ರುವರಿ 10ರಂದು ಡೆರಿಕ್ ವೈಟ್ ಎಂಬ ಸಮರ್ಥ ಆಟಗಾರನನ್ನು ಬೇರೆ ತಂಡದಿಂದ ಕರೆತಂದದ್ದು ನಿಜ. ಗಾಯಗೊಂಡವರು ಗುಣವಾಗಿ ಮರಳಿದ್ದೂ ನಿಜ. ಆದರೆ ಮುಖ್ಯ ಬದಲಾವಣೆ ನಡೆದದ್ದು ರಕ್ಷಣೆಯಲ್ಲಿ. ಉಡೋಕಾ ಕಲಿಸಿದ ಕ್ರಮದಲ್ಲಿ ಎದುರಾಳಿಗಳು ಅಡ್ಡ ನಿಂತು ದಾರಿ ತಡೆದಾಗ ರಕ್ಷಕರು ಒಬ್ಬರ ಹಿಂದೆ ಒಬ್ಬರು ಓಡುವುದಿಲ್ಲ; ತಮ್ಮ ತಮ್ಮ ಎದುರಾಳಿಗಳನ್ನೇ ಆ ಕ್ಷಣದಲ್ಲಿ ಅದಲುಬದಲು ಮಾಡಿಕೊಳ್ಳುತ್ತಾರೆ. ಎತ್ತರದ ರಾಬರ್ಟ್ ವಿಲಿಯಮ್ಸ್ ಒಬ್ಬನನ್ನೇ ಕಾಯುವ ಬದಲು ಮೂಲೆಯಿಂದ ಹೊರಟು ಬುಟ್ಟಿಯ ಬಳಿಗೆ ಧಾವಿಸಿ ಸಂಗಡಿಗರ ತಪ್ಪುಗಳನ್ನು ಮುಚ್ಚುತ್ತಿದ್ದರು. ಕಾಗದದ ಮೇಲೆ ಇದು ಸುಲಭ. ಅಂಕಣದ ಮೇಲೆ ಐವರಲ್ಲಿ ಒಬ್ಬ ಅರೆ ಸೆಕೆಂಡು ಯೋಚಿಸಿ ನಿಂತರೂ ಎದುರಾಳಿಗೆ ಬಾಗಿಲು ತೆರೆದಂತೆಯೇ. ಋತುವಿನ ಆರಂಭದಲ್ಲಿ ಆ ಐವರೂ ಯೋಚಿಸುತ್ತಿದ್ದರು. ಋತುವಿನ ಕೊನೆಗೆ ಯೋಚಿಸುವ ಅಗತ್ಯವಿರಲಿಲ್ಲ. ಆ ವರ್ಷ ಲೀಗಿನಲ್ಲೇ ಅತ್ಯುತ್ತಮ ರಕ್ಷಣೆ ಅವರದಾಯಿತು. ವರ್ಷದ ಶ್ರೇಷ್ಠ ರಕ್ಷಕನೆಂಬ ಗೌರವ, ನವೆಂಬರ್‌ನಲ್ಲಿ ಸಿಡಿದಿದ್ದ ಮಾರ್ಕಸ್ ಸ್ಮಾರ್ಟ್‌ಗೇ ಸಂದಿತು.

ತತ್ತ್ವಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಅರಿಸ್ಟಾಟಲ್ ನೆನಪಾಗದೆ ಇರಲಾರ. ಮನೆ ಕಟ್ಟುವುದನ್ನು ಮನೆ ಕಟ್ಟಿಯೇ ಕಲಿಯಬೇಕು ಎಂಬುದು ಅವನ ವಾದ. ಸಂತ ಥಾಮಸ್ ಅಕ್ವಿನಾಸರು ಅದನ್ನೇ ಮುಂದುವರಿಸಿ, ಮಾಡಿ ಮಾಡಿ ನೆಲೆಗೊಂಡ ಗುಣವು ಎರಡನೆಯ ಸ್ವಭಾವದಂತೆ ಆಗುತ್ತದೆ, ಆಗ ಕೆಲಸವು ತಡವರಿಕೆಯಿಲ್ಲದೆ, ಸಂತೋಷದಿಂದ ನಡೆಯುತ್ತದೆ ಎಂದು ವಿವರಿಸಿದರು. ಸೆಮಿನರಿಯಲ್ಲಿ ಇದನ್ನು ಓದುವಾಗ ನಮಗೆ ಒಬ್ಬ ವ್ಯಕ್ತಿಯ ಸದ್ಗುಣವಷ್ಟೇ ಕಣ್ಣ ಮುಂದಿತ್ತು. ಐದು ಜನರಿಗೆ ಸೇರಿ ಒಂದೇ ರೂಢಿ ಹುಟ್ಟಬಲ್ಲದು, ಅದು ಯಾವ ಒಬ್ಬನ ಆಸ್ತಿಯೂ ಆಗಿರದೆ ಐವರ ನಡುವೆ ಬದುಕಬಲ್ಲದು ಎಂಬುದನ್ನು ತೋರಿಸಿಕೊಡಲು ಒಳ್ಳೆಯ ತಂಡವೊಂದು ಬೇಕು. ಅಂಥ ರೂಢಿಗೆ ಕಾಲ ಬೇಕು. ಅಭ್ಯಾಸದ ಅಂಗಳದಲ್ಲಿ ಅದರ ಅರ್ಧ ಮಾತ್ರ ಹುಟ್ಟುತ್ತದೆ. ಉಳಿದರ್ಧ ನಿಜವಾದ ಎದುರಾಳಿಯ ಮುಂದೆ, ಸೋಲುವ ಭಯದ ನಡುವೆ ಮಾತ್ರ ಹುಟ್ಟುವಂಥದು.

ಬೇರೆ ಕಾರಣಗಳೂ ಇಲ್ಲದಿಲ್ಲ. ದೇಹವನ್ನು ವರ್ಷವಿಡೀ ಒಂದೇ ಹದದಲ್ಲಿ ಇಡಲಾಗದು. ಶ್ರಮವನ್ನು ಮೆಲ್ಲಮೆಲ್ಲನೆ ಏರಿಸಬೇಕೆಂದು ತರಬೇತಿಯ ಶಾಸ್ತ್ರವೇ ಹೇಳುತ್ತದೆ. ಋತುವಿನ ಕೊನೆಗೆ ಗುರಿಯಿಟ್ಟ ತಂಡ ಆರಂಭದಲ್ಲಿ ದಣಿದಂತೆ ಕಾಣುವುದುಂಟು. ಇನ್ನು ಅದೃಷ್ಟ. ಹತ್ತು ಪಂದ್ಯಗಳಲ್ಲಿ ಮೂರನ್ನು ಎರಡು ಮೂರು ಅಂಕಗಳಿಂದ ಸೋತವರಿಗೂ ಗೆದ್ದವರಿಗೂ ನಡುವೆ ಇರುವ ಅಂತರ ಕೆಲವೊಮ್ಮೆ ಬಳೆಯ ಅಂಚಿಗೆ ತಾಗಿದ ಚೆಂಡು ಒಳಕ್ಕೆ ಉರುಳಿತೇ, ಹೊರಕ್ಕೆ ಉರುಳಿತೇ ಎಂಬಷ್ಟೇ. ಅಂಥ ಸೋಲುಗಳಿಗೆ ನಾವು ಚಾರಿತ್ರ್ಯದ ದೋಷವೆಂದು ಹೆಸರಿಡುತ್ತೇವೆ.

ದಿಬ್ಬೂರಹಳ್ಳಿಯ ಸುತ್ತಿನ ರೇಷ್ಮೆ ರೈತರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವ ಮುನ್ನ ನಾಲ್ಕು ಜ್ವರಗಳನ್ನು ದಾಟಬೇಕು. ಮೊದಲೆರಡು ಹಂತಗಳೇ ಚಾಕಿ. ಆಗ ಹುಳು ತಿನ್ನುವ ಸೊಪ್ಪು ಲೆಕ್ಕಕ್ಕೇ ಇಲ್ಲ. ಒಟ್ಟು ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಅದು ತಿನ್ನುವುದು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ. ಪೇಟೆಯಿಂದ ಬಂದ ನೆಂಟನೊಬ್ಬ ಚಾಕಿಯ ತಟ್ಟೆಯನ್ನು ನೋಡಿದರೆ, ಇದರಲ್ಲಿ ಏನೂ ನಡೆಯುತ್ತಿಲ್ಲವಲ್ಲ ಎಂದಾನು. ಮನೆಯ ಗೃಹಿಣಿಗೆ ಗೊತ್ತು: ಎಳೆಯ ಸೊಪ್ಪು, ಹದವಾದ ತೇವ, ಶುಚಿ — ಈ ದಿನಗಳಲ್ಲಿ ಇವು ತಪ್ಪಿದರೆ ಮುಂದೆ ಎಷ್ಟು ಸೊಪ್ಪು ಸುರಿದರೂ ಗೂಡು ಗಟ್ಟಿಯಾಗದು. ಆದ್ದರಿಂದ ನಿಧಾನಗಳಲ್ಲಿ ಎರಡು ಬಗೆಯಿವೆ. ಬೆಳೆಯುತ್ತಿರುವ ಹುಳುವಿನ ನಿಧಾನ ಒಂದು, ರೋಗ ತಗುಲಿದ ಹುಳುವಿನ ನಿಧಾನ ಇನ್ನೊಂದು. ತಟ್ಟೆಯ ಹತ್ತಿರ ಹೋಗಿ ನೋಡದವನಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ನಿಧಾನ ಆರಂಭವನ್ನು ಹೊಗಳಲು ಹೊರಟಿದ್ದೇನೆ ಎಂದು ಯಾರೂ ಭಾವಿಸಬಾರದು. ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಆ ಬೆಲೆಯನ್ನು ನಮ್ಮ ನಾಡಿನ ತಂಡವೊಂದು ಬಡ್ಡಿ ಸಮೇತ ತೆತ್ತಿದೆ. ಆಟ ಬೇರೆ, ಕಥೆ ಒಂದೇ. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಅಭಿಮಾನಿಗಳಿಲ್ಲದ ಮನೆ ನಮ್ಮ ಧರ್ಮಕೇಂದ್ರಗಳಲ್ಲಿ ವಿರಳ. ಭಾನುವಾರ ಸಂಜೆಯ ಧರ್ಮೋಪದೇಶ ತರಗತಿಯ ಹಾಜರಿ ಪುಸ್ತಕವೇ ಇದಕ್ಕೆ ಸಾಕ್ಷಿ. 2009ರಲ್ಲಿ ಐ.ಪಿ.ಎಲ್. ದಕ್ಷಿಣ ಆಫ್ರಿಕದಲ್ಲಿ ನಡೆದಾಗ ಕೆವಿನ್ ಪೀಟರ್‌ಸನ್ ನಾಯಕತ್ವದ ಆರು ಪಂದ್ಯಗಳಲ್ಲಿ ತಂಡ ಗೆದ್ದದ್ದು ಎರಡನ್ನು. ಅವರು ತವರಿನ ತಂಡಕ್ಕಾಗಿ ಹೊರಟುಹೋದಾಗ ನಮ್ಮ ಅನಿಲ್ ಕುಂಬ್ಳೆ ಚುಕ್ಕಾಣಿ ಹಿಡಿದು ತಂಡವನ್ನು ಅಂತಿಮ ಪಂದ್ಯದವರೆಗೆ ಒಯ್ದರು. ಅಲ್ಲಿ 6 ರನ್‌ಗಳ ಸೋಲು. 2016ರಲ್ಲಿ ಮೊದಲ ಏಳು ಪಂದ್ಯಗಳಲ್ಲಿ ಎರಡು ಗೆಲುವು, ಮುಂದಿನ ಏಳರಲ್ಲಿ ಆರು ಗೆಲುವು. ವಿರಾಟ್ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಗಳಿಸಿದ ವರ್ಷವದು. ಮೇ 29ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆದ ಅಂತಿಮ ಪಂದ್ಯದಲ್ಲಿ ಸೋಲಿನ ಅಂತರ 8 ರನ್.

ಎಲ್ಲ ನಿಧಾನ ಆರಂಭಗಳೂ ಚಾಕಿಯಲ್ಲ ಎಂಬುದಕ್ಕೆ ಇದೇ ತಂಡದ 2019ರ ಋತು ಸಾಕ್ಷಿ. ಮೊದಲ ಪಂದ್ಯದಲ್ಲಿ ಚೆನ್ನೈ ಎದುರು 70 ರನ್‌ಗಳಿಗೆ ಮುಗಿದು, ಸತತ ಆರು ಪಂದ್ಯಗಳನ್ನು ಸೋತು, ಕೊನೆಗೆ ಪಟ್ಟಿಯ ತಳದಲ್ಲೇ ಉಳಿಯಿತು. ಅಲ್ಲಿ ಒಳಗೊಳಗೆ ಬೆಳೆಯುತ್ತಿದ್ದದ್ದು ಏನೂ ಇರಲಿಲ್ಲವೆಂದೇ ನನ್ನ ಅಭಿಪ್ರಾಯ.

2024ರ ಋತುವನ್ನು ಮಾತ್ರ ತುಸು ವಿವರವಾಗಿ ನೆನೆಯಬೇಕು. ಏಪ್ರಿಲ್ 21ರ ವೇಳೆಗೆ ಎಂಟು ಪಂದ್ಯಗಳಲ್ಲಿ ಏಳು ಸೋಲು. ಏಪ್ರಿಲ್ 6ರಂದು ಜೈಪುರದಲ್ಲಿ ಕೊಹ್ಲಿ ಔಟಾಗದೆ 113 ರನ್ ಗಳಿಸಿದರೂ ಸೋಲು. ಏಪ್ರಿಲ್ 15ರಂದು ಬೆಂಗಳೂರಿನಲ್ಲಿ ಹೈದರಾಬಾದ್ ತಂಡ 287 ರನ್ ಪೇರಿಸಿತು. ನಮ್ಮವರು 262 ಗಳಿಸಿದರು, ಅದೂ ಸೋಲೇ. ಅದೇ ವೇಳೆಗೆ ಗ್ಲೆನ್ ಮ್ಯಾಕ್ಸ್‌ವೆಲ್, ದೇಹ ಮನಸ್ಸು ಎರಡೂ ದಣಿದಿವೆ, ತನ್ನ ಬದಲು ಬೇರೆಯವರನ್ನು ಆಡಿಸಿ ಎಂದು ತಾವಾಗಿ ಹಿಂದೆ ಸರಿದರು. ಜನ ಅದನ್ನು ಗೇಲಿ ಮಾಡಿದರು. ಕೆಲಸ ಸಾಗದ ದಿನಗಳಲ್ಲಿ ಇನ್ನೊಬ್ಬನಿಗೆ ಜಾಗ ಬಿಟ್ಟುಕೊಡುವ ಪ್ರಾಮಾಣಿಕತೆ ನಮ್ಮಲ್ಲಿ ಎಷ್ಟು ಮಂದಿಗೆ ಇದ್ದೀತು? ಏಪ್ರಿಲ್ 21ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಕೊನೆಯ ಓವರಿಗೆ 21 ರನ್ ಬೇಕಿತ್ತು. ಕರ್ಣ ಶರ್ಮ ಮೂರು ಸಿಕ್ಸರ್ ಎತ್ತಿದರು. ಆದರೂ ಸೋಲು, ಒಂದೇ ಒಂದು ರನ್ನಿನಿಂದ.

ಅನಂತರ ಆರು ಪಂದ್ಯಗಳು, ಆರೂ ಗೆಲುವು. ಏಪ್ರಿಲ್ 25ರಂದು ಹೈದರಾಬಾದಿನಲ್ಲಿ 287 ಹೊಡೆದಿದ್ದ ಅದೇ ತಂಡವನ್ನು ಅದರ ಅಂಗಳದಲ್ಲೇ 35 ರನ್‌ಗಳಿಂದ ಮಣಿಸಲಾಯಿತು. ಅಹಮದಾಬಾದಿನಲ್ಲಿ ವಿಲ್ ಜ್ಯಾಕ್ಸ್ 41 ಎಸೆತಗಳಲ್ಲಿ ಶತಕ ಬಾರಿಸಿದರು. ಅದುವರೆಗೆ ಹೊರಗೆ ಕುಳಿತಿದ್ದ ಎಡಗೈ ಸ್ಪಿನ್ನರ್ ಸ್ವಪ್ನಿಲ್ ಸಿಂಗ್ ಒಳಬಂದು ಬೌಲಿಂಗಿಗೆ ಇಲ್ಲದಿದ್ದ ಸಮತೋಲನವನ್ನು ತಂದರು. ಮೇ 18ರ ರಾತ್ರಿ ಬೆಂಗಳೂರಿನಲ್ಲಿ ಚೆನ್ನೈ ಎದುರು ಗೆದ್ದರಷ್ಟೇ ಸಾಲದು, ಕನಿಷ್ಠ 18 ರನ್‌ಗಳಿಂದ ಗೆಲ್ಲಬೇಕಿತ್ತು; ಗೆದ್ದದ್ದು 27ರಿಂದ. ಆ ಕೊನೆಯ ಓವರನ್ನು ಧೋನಿಯ ಮುಂದೆ ಎಸೆದವರು ಯಶ್ ದಯಾಳ್. ಹಿಂದಿನ ವರ್ಷ, 2023ರಲ್ಲಿ, ಬೇರೆ ತಂಡದ ಪರ ಎಸೆದ ಒಂದು ಕೊನೆಯ ಓವರಿನಲ್ಲಿ ರಿಂಕು ಸಿಂಗ್ ಕೈಯಲ್ಲಿ ಸತತ ಐದು ಸಿಕ್ಸರ್ ಹೊಡೆಸಿಕೊಂಡು ದೇಶದ ಮುಂದೆ ತಲೆ ತಗ್ಗಿಸಿ ಕುಳಿತಿದ್ದ ಯುವಕ. ಈ ಬಾರಿ ಮೊದಲ ಎಸೆತಕ್ಕೆ ಸಿಕ್ಸರ್ ಬಿತ್ತು. ಎರಡನೆಯದಕ್ಕೆ ಧೋನಿ ಔಟ್. ಉಳಿದ ನಾಲ್ಕು ಎಸೆತಗಳಲ್ಲಿ ಚೆನ್ನೈಗೆ ಸಿಕ್ಕಿದ್ದು ಒಂದು ರನ್.

ನಾಲ್ಕು ದಿನಗಳ ಅನಂತರ, ಮೇ 22ರಂದು, ರಾಜಸ್ಥಾನದ ಎದುರು ಸೋತು ತಂಡ ಹೊರಬಿತ್ತು. ಬಾಗಿಲಿನವರೆಗೆ ಬರುವುದರಲ್ಲೇ ಕೈಯಲ್ಲಿದ್ದದ್ದೆಲ್ಲ ಖರ್ಚಾಗಿತ್ತು. ಮೊದಲ ಎಂಟು ಪಂದ್ಯಗಳಲ್ಲಿ ಇನ್ನೆರಡನ್ನು ಗೆದ್ದಿದ್ದರೆ ಆ ನಾಲ್ಕು ವಾರಗಳ ಉಸಿರುಗಟ್ಟುವ ಲೆಕ್ಕಾಚಾರವೇ ಬೇಕಾಗುತ್ತಿರಲಿಲ್ಲ. ರಜತ್ ಪಾಟೀದಾರ್ ನಾಯಕತ್ವದಲ್ಲಿ 2025ರ ಋತುವನ್ನು ಮಾರ್ಚ್ 22ರಂದು ಅದೇ ಈಡನ್ ಗಾರ್ಡನ್ಸ್‌ನಲ್ಲಿ ಗೆಲುವಿನೊಡನೆ ತೆರೆದ ತಂಡ, ಲೀಗ್ ಹಂತದಲ್ಲಿ ಹೊರ ಊರುಗಳ ಏಳೂ ಪಂದ್ಯಗಳನ್ನು ಗೆದ್ದು, ಜೂನ್ 3ರಂದು 6 ರನ್‌ಗಳಿಂದ ಪ್ರಶಸ್ತಿಯನ್ನು ಎತ್ತಿತು. ಮರುದಿನ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಪ್ರಾಣ ಬಿಟ್ಟ 11 ಮಂದಿಯನ್ನು ನೆನೆಯದೆ ಆ ಗೆಲುವಿನ ಮಾತನ್ನು ಮುಂದುವರಿಸುವುದು ಸಲ್ಲದು. ಅವರಲ್ಲಿ ಹೆಚ್ಚಿನವರು ನಮ್ಮ ಮಕ್ಕಳ ವಯಸ್ಸಿನವರು.

ಈಗ ಎರಡು ಕಥೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ಒಂದು ಸಣ್ಣ ಲೆಕ್ಕ ಹಾಕೋಣ. ಎನ್.ಬಿ.ಎ. ಋತುವಿನಲ್ಲಿ ಪ್ರತಿ ತಂಡಕ್ಕೆ 82 ಪಂದ್ಯಗಳು. ಒಂದು ಸೋಲಿನ ತೂಕ ಇಡೀ ಋತುವಿನ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಸೆಲ್ಟಿಕ್ಸ್ 21 ಬಾರಿ ಸೋತ ಮೇಲೂ ಅವರ ಮುಂದೆ ಅರ್ಧಕ್ಕಿಂತ ಹೆಚ್ಚು ಋತು ಉಳಿದಿತ್ತು. ಅದೇ ಲೀಗಿನಲ್ಲಿ ಶಿಕಾಗೋ ಬುಲ್ಸ್ 2004ರಲ್ಲಿ ಮೊದಲ ಒಂಬತ್ತು ಪಂದ್ಯಗಳನ್ನೂ ಸೋತು, ಕೊನೆಗೆ 47 ಗೆಲುವುಗಳೊಡನೆ ಮುಂದಿನ ಸುತ್ತಿಗೆ ತೇರ್ಗಡೆಯಾಗಿತ್ತು. ಐ.ಪಿ.ಎಲ್.ನಲ್ಲಿ 14 ಪಂದ್ಯಗಳು. ಒಂದು ಸೋಲಿಗೆ ನೂರರಲ್ಲಿ ಏಳು ಪಾಲು ತೂಕ. ಅಲ್ಲಿ ಏಳು ಬಾರಿ ಸೋತವರು ಹಗ್ಗದ ಮೇಲೆ ನಡೆಯಬೇಕು. ನಿಧಾನವಾಗಿ ಆರಂಭಿಸುವವರ ಭವಿಷ್ಯವನ್ನು ಅವರ ನಿಧಾನವೊಂದೇ ನಿರ್ಧರಿಸುವುದಿಲ್ಲ. ಅವರಿಗೆ ಎಷ್ಟು ಉದ್ದದ ಋತುವನ್ನು ಕೊಟ್ಟಿದ್ದೇವೆ ಎಂಬುದೂ ನಿರ್ಧರಿಸುತ್ತದೆ. ನಾನು ಈ ಲೇಖನವನ್ನು ಬರೆಯಲು ಹೊರಟದ್ದೇ ಈ ಮಾತಿಗಾಗಿ.

ಏಕೆಂದರೆ ನಮ್ಮ ಮಕ್ಕಳಿಗೆ ನಾವು ಕೊಟ್ಟಿರುವ ಋತುವಿನ ಉದ್ದ ಒಂದು ಪಂದ್ಯ.

ಶಾಲೆಗಳು ತೆರೆಯುವುದು ಜೂನ್ ಹೊತ್ತಿಗೆ. ಹಿಂದಿನ ವರ್ಷದ ತಂಡದ ಬೆನ್ನೆಲುಬಾಗಿದ್ದವರು ಎಸ್.ಎಸ್.ಎಲ್.ಸಿ. ಮುಗಿಸಿ ಹೊರಟುಹೋಗಿರುತ್ತಾರೆ. ಎಂಟನೆಯ ಒಂಬತ್ತನೆಯ ತರಗತಿಯ ಹೊಸ ಮಕ್ಕಳನ್ನು ಕೂಡಿಸಬೇಕು. ಪಠ್ಯಪುಸ್ತಕ, ಸಮವಸ್ತ್ರ, ದಾಖಲಾತಿಗಳ ಗಡಿಬಿಡಿಯಲ್ಲಿ ಮೊದಲ ವಾರಗಳು ಕಳೆಯುತ್ತವೆ. ಮಣ್ಣಿನ ಅಂಗಳವಾದರೆ ಒಂದು ಮಳೆಗೆ ಎರಡು ದಿನ ಅಭ್ಯಾಸವಿಲ್ಲ. ಹೀಗಿರುವಾಗಲೇ ತಾಲ್ಲೂಕು ಮಟ್ಟದ ಪಂದ್ಯಾವಳಿಗಳು ಬಾಗಿಲಿಗೆ ಬರುತ್ತವೆ. ಅವು ಬಹುಮಟ್ಟಿಗೆ ನಾಕೌಟ್ ಪದ್ಧತಿಯವು, ಸೋತವರು ಮನೆಗೆ. ಒಬ್ಬರ ಮುಖವನ್ನೊಬ್ಬರು ನೋಡದೆ ಚೆಂಡು ದಾಟಿಸುವ ರೂಢಿ ಇನ್ನೂ ಹುಟ್ಟಿರದ ಐದು ಮಕ್ಕಳು ಬೆಳಿಗ್ಗೆ ಹತ್ತು ಗಂಟೆಗೆ ಅಂಕಣಕ್ಕಿಳಿಯುತ್ತಾರೆ. ಹನ್ನೊಂದು ಗಂಟೆಗೆ ಅವರ ವರ್ಷ ಮುಗಿದಿರುತ್ತದೆ. ಮರುದಿನ ಚೆಂಡು ಬೀರುವಿಗೆ ಸೇರುತ್ತದೆ. ಸೆಲ್ಟಿಕ್ಸ್ ಆಟಗಾರರಿಗೆ ಪರಸ್ಪರ ಅರ್ಥವಾಗಲು 39 ಪಂದ್ಯಗಳು ಬೇಕಾದವು, ಅದೂ ಕೋಟಿಗಟ್ಟಲೆ ಸಂಬಳ ಪಡೆಯುವ ವೃತ್ತಿಪರರಿಗೆ.

ನಾಕೌಟ್ ಪದ್ಧತಿಯ ಗಣಿತ ಬಹಳ ಸರಳ, ಬಹಳ ನಿರ್ದಯ. 16 ತಂಡಗಳು ಬಂದರೆ ಒಟ್ಟು 15 ಪಂದ್ಯಗಳು. ಮೊದಲ ಸುತ್ತಿನಲ್ಲೇ ಎಂಟು ತಂಡಗಳು, ಅಂದರೆ ಬಂದವರಲ್ಲಿ ಅರ್ಧ ಜನ, ಹೊರಗೆ. ಹೆಚ್ಚು ಆಟ ಯಾರಿಗೆ ಅಗತ್ಯವೋ ಅವರಿಗೆ ಅತ್ಯಂತ ಕಡಿಮೆ ಆಟ. ಆಗಲೇ ಬಲಿತವರಿಗೆ ಅತ್ಯಂತ ಹೆಚ್ಚು ಆಟ. ಸಂಘಟಕರನ್ನು ದೂಷಿಸುವುದು ಸುಲಭ, ನ್ಯಾಯವಲ್ಲ. ಅವರ ಬಳಿ ಇರುವುದು ಒಂದು ಮೈದಾನ, ಒಂದೆರಡು ದಿನಗಳು, ಕೈಬೆರಳೆಣಿಕೆಯ ತೀರ್ಪುಗಾರರು. ಸೂರ್ಯ ಮುಳುಗುವುದರೊಳಗೆ ವಿಜೇತರನ್ನು ಹುಡುಕಿ ಮುಂದಿನ ಹಂತಕ್ಕೆ ಕಳುಹಿಸಬೇಕು. ಆ ಕೆಲಸಕ್ಕೆ ನಾಕೌಟ್ ಸರಿಯಾದ ಉಪಕರಣ. ಮಕ್ಕಳನ್ನು ಬೆಳೆಸುವ ಕೆಲಸಕ್ಕೆ ಅದು ಉಪಕರಣವಲ್ಲ, ಅಷ್ಟೇ. ನಮ್ಮ ಧರ್ಮಕೇಂದ್ರಗಳ ಯುವಜನ ದಿನಾಚರಣೆಗಳಲ್ಲಿಯೂ ಊಟಕ್ಕೆ ಮೊದಲು ಅರ್ಧ ತಂಡಗಳನ್ನು ಹೊರಗೆ ಹಾಕಿ, ಮಧ್ಯಾಹ್ನವಿಡೀ ಅವರನ್ನು ಚಪ್ಪಾಳೆ ತಟ್ಟಲು ಕೂರಿಸುವುದು ವಾಡಿಕೆಯಾಗಿಬಿಟ್ಟಿದೆ. ಅಲ್ಲಿ ಮುಂದಿನ ಹಂತಕ್ಕೆ ಯಾರನ್ನೂ ಕಳುಹಿಸಬೇಕಾಗಿಲ್ಲವಲ್ಲ! ಅಲ್ಲೂ ನಾಕೌಟ್ ಏಕೆ?

ಇದರಿಂದ ಹೆಚ್ಚು ಕಳೆದುಕೊಳ್ಳುವವರು ಹೆಣ್ಣುಮಕ್ಕಳು. ಮಗನೊಬ್ಬ ಮೊದಲ ಪಂದ್ಯ ಸೋತು ಬಂದರೆ ಸಂಜೆ ಬೀದಿಯಲ್ಲಾದರೂ ಚೆಂಡು ಹಿಡಿದಾನು. ಒಂಬತ್ತನೆಯ ತರಗತಿಯ ಮಗಳು ಸೋತು ಬಂದರೆ, ಆಟ ಸಾಕು, ಇನ್ನು ಓದಿನ ಕಡೆ ನೋಡು ಎಂಬ ಮಾತು ಕಾದಿರುತ್ತದೆ. ಹೇಳುವವರು ಕೆಟ್ಟವರಲ್ಲ, ಬಸ್ಸಿನ ಸಮಯ, ಕತ್ತಲಾಗುವ ಹೊತ್ತು, ಮುಂದಿನ ವರ್ಷದ ಪಬ್ಲಿಕ್ ಪರೀಕ್ಷೆ ಎಲ್ಲವನ್ನೂ ಲೆಕ್ಕ ಹಾಕಿಯೇ ಹೇಳುತ್ತಾರೆ. ಆದರೆ ಆ ಹುಡುಗಿಯ ಆಟವನ್ನು ನಾವು ನೋಡಿದ್ದು ನಲವತ್ತು ನಿಮಿಷ ಮಾತ್ರ. ಚಾಕಿ ತಟ್ಟೆಯನ್ನು ಒಮ್ಮೆ ಇಣುಕಿ ನೋಡಿ ಹುಳುವನ್ನು ತಿಪ್ಪೆಗೆ ಸುರಿಯುವ ರೈತ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಇದ್ದಾನೆಯೇ?

ಪರಿಹಾರಕ್ಕೆ ಕೋಟಿ ರೂಪಾಯಿ ಬೇಕಾಗಿಲ್ಲ. ಹತ್ತಿರ ಹತ್ತಿರದ ನಾಲ್ಕು ಶಾಲೆಗಳು, ಇಲ್ಲವೇ ನಾಲ್ಕು ಧರ್ಮಕೇಂದ್ರಗಳು ಒಪ್ಪಿಕೊಂಡರೆ ಸಾಕು. ಪ್ರತಿ ತಂಡವು ಉಳಿದ ಮೂರರೊಡನೆ ಎರಡೆರಡು ಬಾರಿ ಆಡಲಿ. ಒಟ್ಟು 12 ಪಂದ್ಯಗಳಾಗುತ್ತವೆ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಎರಡು ಪಂದ್ಯಗಳಂತೆ ನಡೆಸಿದರೆ ಆರು ವಾರಗಳಲ್ಲಿ ಮುಗಿಯುತ್ತದೆ. ಪ್ರತಿಯೊಂದು ತಂಡಕ್ಕೂ ಆರು ಪಂದ್ಯಗಳು. ಮೊದಲ ಮೂರನ್ನು ಸೋತವರು, ತಮ್ಮನ್ನು ಸೋಲಿಸಿದ ಅದೇ ಮೂವರನ್ನು ಮತ್ತೊಮ್ಮೆ ಎದುರಿಸುತ್ತಾರೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆ ಬೇಡ. ಜೂನ್‌ನಲ್ಲಿ 20 ಅಂಕಗಳಿಂದ ಸೋತವರು ಆಗಸ್ಟ್‌ನಲ್ಲಿ 8ರಿಂದ ಸೋತರೆ, ಏನು ಬೆಳೆದಿದೆ ಎಂಬುದು ಅವರಿಗೇ ಕಾಣುತ್ತದೆ. ನಾವು ಉಪದೇಶ ಮಾಡಬೇಕಾಗಿಲ್ಲ. ಬ್ಯಾಸ್ಕೆಟ್‌ಬಾಲ್ ಕಂಬಗಳಿಲ್ಲದ ಊರುಗಳಲ್ಲಿ ಥ್ರೋಬಾಲ್, ವಾಲಿಬಾಲ್, ಕಬಡ್ಡಿಗಳಿಗೂ ಇದೇ ಪಟ್ಟಿ ಸಲ್ಲುತ್ತದೆ.

ತೊಂದರೆಗಳನ್ನು ನಾನು ಬಲ್ಲೆ. ದೈಹಿಕ ಶಿಕ್ಷಕರು ಶನಿವಾರವೂ ಸಂಜೆಯವರೆಗೆ ಉಳಿಯಬೇಕು. ಒಂದು ಟೆಂಪೋ ಬೇಕು, ಅದರ ಡೀಸೆಲ್ ಖರ್ಚು ಯಾರಾದರೂ ಹೊರಬೇಕು. ಸೀಟಿ ಊದಲು ನಿಯಮ ಬಲ್ಲ ಇಬ್ಬರಾದರೂ ಬೇಕು. ಕಾಲೇಜು ಓದುತ್ತಿರುವ ಹಳೆಯ ಆಟಗಾರರನ್ನು ಕರೆದರೆ ಅವರು ಸಂತೋಷದಿಂದ ಬಂದಾರು. ಹೆಣ್ಣುಮಕ್ಕಳ ಪಂದ್ಯವನ್ನು ಮೊದಲು ಇಟ್ಟು, ಐದು ಗಂಟೆಯೊಳಗೆ ಅವರನ್ನು ಊರಿಗೆ ತಲುಪಿಸುವ ಹೊಣೆಯನ್ನು ಹಿರಿಯರು ಸರದಿಯಂತೆ ಹೊರಬೇಕು. ತಾಯಂದಿರು ಒಮ್ಮೆಯಾದರೂ ಬಂದು ಅಂಕಣದ ಪಕ್ಕದಲ್ಲಿ ಕುಳಿತು ನೋಡಿದರೆ ಅರ್ಧ ವಿರೋಧ ಅಲ್ಲಿಯೇ ಕರಗೀತು. ಕಪ್ಪು, ಪದಕಗಳಿಗೆ ಹಣ ಸುರಿಯುವ ದಾನಿಗಳು ಊರೂರಿಗೂ ಇದ್ದಾರೆ. ಅವರು ಈ ಬಾರಿ ಡೀಸೆಲ್ಲಿಗೂ ಬಾಳೆಹಣ್ಣಿಗೂ ಕೊಟ್ಟರೆ ಅವರ ಹೆಸರನ್ನು ಕಪ್ಪಿನ ಬದಲು ಟೆಂಪೋ ಮೇಲೆ ಬರೆಸಲು ನನ್ನ ಅಡ್ಡಿಯಿಲ್ಲ.

ಅಂಕಪಟ್ಟಿಯನ್ನು ಹೇಗೆ ಬರೆಯಬೇಕೆಂಬ ಪ್ರಶ್ನೆ ಏಳುತ್ತದೆ. ಗೆದ್ದವರಿಗೆ ಎರಡು, ಸೋತವರಿಗೆ ಸೊನ್ನೆ ಎಂಬ ಲೆಕ್ಕ ನಮಗೆಲ್ಲ ಕ್ರಿಕೆಟ್ಟಿನಿಂದ ರೂಢಿಯಾಗಿದೆ. ಬ್ಯಾಸ್ಕೆಟ್‌ಬಾಲಿನ ಅಂತರರಾಷ್ಟ್ರೀಯ ಒಕ್ಕೂಟದ ನಿಯಮ ಬೇರೆ. ಅಲ್ಲಿ ಗೆದ್ದ ತಂಡಕ್ಕೆ 2 ಅಂಕ. ಸೋತ ತಂಡಕ್ಕೆ 1 ಅಂಕ. ಆಡಲು ಬಾರದೆ ಉಳಿದ ತಂಡಕ್ಕೆ ಮಾತ್ರ ಸೊನ್ನೆ. ಶನಿವಾರದ ಪಟ್ಟಿಯನ್ನು ಶಾಲೆಯ ಫಲಕದ ಮೇಲೆ ಈ ಲೆಕ್ಕದಲ್ಲೇ ಬರೆಯಿರಿ.